ಹಂಪ್‌ಗೆ ಸೋಲುವ ಸಸ್ಪೆನ್ಷನ್, ಸದ್ದಿಲ್ಲದೆ ಗೆದ್ದ ಮೋಟಾರು

ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳನ್ನು ಗೋಪುರದಂತೆ ಪೇರಿಸಿಟ್ಟು, ಸಾಲು ಹಂಪ್‌ಗಳ ಮೇಲೆ ಕಾರು ಓಡಿಸುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಚಕ್ರಗಳು ಏರುತ್ತವೆ, ಇಳಿಯುತ್ತವೆ. ಕಾರಿನ ಮೈ ಮಾತ್ರ ಅಲುಗುವುದಿಲ್ಲ. ಚೀನಾದ ನಿಯೊ ಕಂಪನಿಯ ಇಟಿ9 ಅದು. 2025ರಲ್ಲಿ ಗ್ರಾಹಕರ ಕೈ ಸೇರಿತು. ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಅದನ್ನು ಹಾಕಿದ ಚಿಕ್ಕಪ್ಪ ಕೆಳಗೊಂದು ಸಾಲು ಬರೆದಿದ್ದರು: "ನಮ್ಮ ಬಡಾವಣೆಯ ರಸ್ತೆಗೆ ಇಂಥದ್ದೇ ಬೇಕು ನೋಡು."

ಉತ್ತರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಚಿಕ್ಕಪ್ಪನಿಗೆ ಇಷ್ಟವಾಗುವಂಥದ್ದೂ ಅಲ್ಲ. ಅವರ ರಸ್ತೆಯ ಹಂಪ್‌ಗೆ ಆ ಕಾರಿನಲ್ಲೂ ಪೂರ್ತಿ ಮದ್ದಿಲ್ಲ. ಆದರೆ ಅವರು ವಾರಕ್ಕೆರಡು ಸಲ ಹತ್ತುವ ಎಲೆಕ್ಟ್ರಿಕ್ ಟ್ಯಾಕ್ಸಿಯಲ್ಲಿ ಅದೇ ಜಾತಿಯ ಇನ್ನೊಂದು ಮದ್ದು ಆಗಲೇ ಕೆಲಸ ಮಾಡುತ್ತಿದೆ. ಅದರ ವಿಡಿಯೊವನ್ನು ಯಾರೂ ಮಾಡಿಲ್ಲ, ಏಕೆಂದರೆ ಅಲ್ಲಿ ನೋಡುವುದಕ್ಕೆ ಏನೂ ಇಲ್ಲ.

ಮೊದಲು ಗ್ಯಾರೇಜಿಗೆ ಹೋಗೋಣ. ಕಾರು ತೇಲುತ್ತದೆ ಎಂದು ದೂರಿದರೆ ಪಳಗಿದ ಮೆಕ್ಯಾನಿಕ್ ಯಾವ ಸಾಮಾನನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಬಾನೆಟ್ಟಿನ ಒಂದು ಮೂಲೆಗೆ ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿ, ಥಟ್ಟನೆ ಕೈ ತೆಗೆಯುತ್ತಾನೆ. ಕಾರು ಒಮ್ಮೆ ಮೇಲೆದ್ದು ಕೂತರೆ ಸರಿ. ಎದ್ದು, ಕುಸಿದು, ಮತ್ತೆ ಎದ್ದರೆ "ಶಾಕ್ ಹೋಗಿದೆ ಸರ್" ಎಂಬ ತೀರ್ಪು. ಆ ಏಳುಬೀಳು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ನಡೆಯುತ್ತದೆ. ಸ್ಪ್ರಿಂಗ್ ಮೇಲೆ ಕೂತ ಕಾರಿನ ಮೈಯ ಸಹಜ ಲಯ ಅದು. ಕೆಳಗೆ ಇನ್ನೊಂದು ಲಯವಿದೆ, ಕಣ್ಣಿಗೆ ಸಿಗದಷ್ಟು ಚುರುಕಾದದ್ದು. ಟೈರಿನ ಗಾಳಿಯ ಮೇಲೆ ಚಕ್ರ ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ ಕುಣಿಯಬಲ್ಲದು. ಇವೆರಡರ ನಡುವೆ, ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಕುಲುಕಿದರೆ ಕೂತ ಮನುಷ್ಯನ ಮೈಗೆ ಎಲ್ಲಕ್ಕಿಂತ ಹೆಚ್ಚು ಸಂಕಟ. ಚಕ್ರಕ್ಕೂ ಮೈಗೂ ನಡುವಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಏರ್ಪಾಡೇ ಸಸ್ಪೆನ್ಷನ್. ಅದರ ಎಂಜಿನಿಯರನ ದಿನದ ಜಗಳವೆಲ್ಲ ಈ ಮೂರು ಅಂಕಿಗಳ ಜೊತೆಗೇ.

ಶಾಕ್ ಅಬ್ಸಾರ್ಬರಿನ ಒಳಗಿರುವುದು ಎಣ್ಣೆ, ಪಿಸ್ಟನ್, ಎಣ್ಣೆ ಹಾಯುವ ಸಣ್ಣ ತೂತುಗಳು. ತೂತು ಕಿರಿದಾದರೆ ಮೈಯ ತೂಗಾಟ ಬೇಗ ನಿಲ್ಲುತ್ತದೆ, ಆದರೆ ರಸ್ತೆಯ ಒರಟೆಲ್ಲ ನೇರ ಬೆನ್ನಿಗೆ ಬಡಿಯುತ್ತದೆ. ಹಿರಿದಾದರೆ ಒರಟು ಅಲ್ಲೇ ಅಡಗುತ್ತದೆ, ಹೆದ್ದಾರಿಯಲ್ಲಿ ಕಾರು ದೋಣಿಯಂತೆ ಹೊಯ್ದಾಡುತ್ತದೆ. ಕಾರ್ಖಾನೆಯಲ್ಲಿ ಒಮ್ಮೆ ಗೊತ್ತುಮಾಡಿದ ತೂತು ಕಾರಿನ ಆಯುಷ್ಯವಿಡೀ ಅದೇ. ಒಂದೇ ಚಪ್ಪಲಿಯಲ್ಲಿ ಗದ್ದೆಗೂ ಮದುವೆಮನೆಗೂ ಹೋಗಿಬರುವ ಏರ್ಪಾಡು.

ಇದಕ್ಕೊಂದು ಚಮತ್ಕಾರದ ಪರಿಹಾರವನ್ನು 1974ರಲ್ಲಿ ಅಮೆರಿಕದ ಎಂಜಿನಿಯರ್ ಡೀನ್ ಕಾರ್ನಾಪ್ ಮತ್ತು ಸಂಗಡಿಗರು ಮುಂದಿಟ್ಟರು. ಶಾಕ್ ಅಬ್ಸಾರ್ಬರಿನ ಒಂದು ತುದಿಯನ್ನು ಚಕ್ರಕ್ಕೆ ಬಿಗಿಯುವ ಬದಲು ಆಕಾಶಕ್ಕೆ ಸಿಕ್ಕಿಸಿದರೆ? ಆಗ ಮೈಯ ತೂಗಾಟ ಮಾತ್ರ ತಗ್ಗುತ್ತದೆ, ಶಾಕ್ ಅಬ್ಸಾರ್ಬರಿನ ಮೂಲಕ ರಸ್ತೆಯ ಒರಟಿಗೆ ಮೇಲೆ ಬರಲು ದಾರಿಯೇ ಇರುವುದಿಲ್ಲ. ಆಕಾಶದಲ್ಲಿ ಮೊಳೆ ಹೊಡೆಯಲಾಗದು, ನಿಜ. ಆದರೆ ಮೈಯಲ್ಲೊಂದು ಸೆನ್ಸರ್ ಇಟ್ಟು, ಬಿಗಿ ಮಾಡಿದರೆ ಮೈಗೆ ಹಿತವಾಗುವ ಗಳಿಗೆಯಲ್ಲಿ ತೂತನ್ನು ಕಿರಿದು ಮಾಡಿ, ಅಹಿತವಾಗುವ ಗಳಿಗೆಯಲ್ಲಿ ಸಡಿಲ ಬಿಟ್ಟರೆ ಆ ಕಾಲ್ಪನಿಕ ಮೊಳೆಗೆ ಸಾಕಷ್ಟು ಹತ್ತಿರ ಬರಬಹುದು. ಇದನ್ನೇ ಸೆಮಿ-ಆ್ಯಕ್ಟಿವ್ ಎನ್ನುತ್ತಾರೆ. ಇಲ್ಲಿ ವಿದ್ಯುತ್ತು ಕಾರನ್ನು ಎತ್ತುವುದಿಲ್ಲ, ನಲ್ಲಿ ತಿರುಗಿಸುತ್ತದೆ ಅಷ್ಟೆ. ಹಾಗಾಗಿ ಖರ್ಚು ಒಂದು ಬಲ್ಬ್ ಉರಿಸುವಷ್ಟು.

ನಲ್ಲಿಯೇ ಇಲ್ಲದ ದಾರಿಯೂ ಇದೆ. ಎಣ್ಣೆಯಲ್ಲಿ ಕಬ್ಬಿಣದ ನುಣ್ಣನೆಯ ಪುಡಿ ಕಲಸಿ ಸುತ್ತ ಕಾಂತಕ್ಷೇತ್ರ ಹಬ್ಬಿಸಿದರೆ, ಕಣಗಳು ಸರಪಳಿ ಕಟ್ಟಿಕೊಂಡು ಎಣ್ಣೆ ಗಟ್ಟಿ ಅಂಬಲಿಯಂತಾಗುತ್ತದೆ. ವಿದ್ಯುತ್ತು ನಿಲ್ಲಿಸಿದರೆ ಮತ್ತೆ ತಿಳಿ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಜೇಕಬ್ ರಾಬಿನೋ 1940ರ ದಶಕದಲ್ಲೇ ಇದನ್ನು ತೋರಿಸಿದ್ದರು. ಅದು ಕಾರಿಗೆ ಇಳಿದದ್ದು 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ. ಅರ್ಧ ಶತಮಾನಕ್ಕೂ ಮಿಕ್ಕಿ ಎಣ್ಣೆ ಕಾಯುತ್ತಾ ಕೂತಿತ್ತು, ಅದಕ್ಕೆ ಹೊತ್ತುಹೊತ್ತಿಗೆ ಆಜ್ಞೆ ಕೊಡಬಲ್ಲ ಅಗ್ಗದ ಕಂಪ್ಯೂಟರ್ ಬರಲೆಂದು.

ಕೊಳ್ಳುವವರ ದುಡ್ಡಿಗೆ ಅತಿ ಹೆಚ್ಚು ಸುಖ ಕೊಡುವ ಮೆಟ್ಟಿಲು ಇದೇ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲೂ ಅದು ದುಬಾರಿ ಆಮದು ಕಾರುಗಳನ್ನು ದಾಟಿ ಕೆಳಗಿಳಿದಿದೆ. ಮಹೀಂದ್ರಾದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳ ಮೇಲಿನ ಮಾದರಿಗಳಲ್ಲಿ ಸೆಮಿ-ಆ್ಯಕ್ಟಿವ್ ಸಸ್ಪೆನ್ಷನ್ ಇದೆ. ಆದರೆ ಷೋರೂಮಿನಲ್ಲಿ ಹೆಸರುಗಳ ಬಗ್ಗೆ ಎಚ್ಚರವಿರಲಿ. ಎಕ್ಸ್‌ಯುವಿ700ರಲ್ಲಿ ಇರುವಂಥ "ಫ್ರೀಕ್ವೆನ್ಸಿ ಸೆಲೆಕ್ಟಿವ್ ಡ್ಯಾಂಪಿಂಗ್" ಎಂಬುದು ಕುಲುಕಾಟದ ಚುರುಕಿಗೆ ತಕ್ಕಂತೆ ತಾನೇ ತೆರೆದುಕೊಳ್ಳುವ ಯಾಂತ್ರಿಕ ಕವಾಟ. ಒಳ್ಳೆಯ ವಸ್ತು, ಆದರೆ ಅದರಲ್ಲಿ ಸೆನ್ಸರೂ ಇಲ್ಲ, ಕಂಪ್ಯೂಟರೂ ಇಲ್ಲ.

ಮುಂದಿನದು ನಿಜವಾದ ಆ್ಯಕ್ಟಿವ್: ನಲ್ಲಿ ತಿರುಗಿಸುವುದಕ್ಕೆ ನಿಲ್ಲದೆ, ಚಕ್ರವನ್ನು ಎತ್ತುವ, ತಳ್ಳುವ ಪದ್ಧತಿ. ಇದರ ಮೊದಲ ಮೆರೆದಾಟ ರೇಸಿನಲ್ಲಿ. ಲೋಟಸ್ ತಂಡ 1983ರಲ್ಲೇ ಫಾರ್ಮುಲಾ ಒನ್ ಕಾರಿಗೆ ಇದನ್ನು ಕಟ್ಟಿ ನೋಡಿತು. 1987ರ ಮೊನಾಕೊದಲ್ಲಿ ಐರ್ಟನ್ ಸೆನ್ನಾ ಅಂಥ ಕಾರಿನಲ್ಲೇ ಗೆದ್ದರು. 1992ರಲ್ಲಿ ವಿಲಿಯಮ್ಸ್ ತಂಡದ ಎಫ್‌ಡಬ್ಲ್ಯು14ಬಿ ಹತ್ತಿದ ನೈಜೆಲ್ ಮ್ಯಾನ್ಸೆಲ್ ಋತುವಿನ ಮೊದಲ ಐದೂ ರೇಸುಗಳನ್ನು, ಒಟ್ಟು ಹದಿನಾರರಲ್ಲಿ ಒಂಬತ್ತನ್ನು ಬಾಚಿಕೊಂಡರು. 1994ರಿಂದ ನಿಷೇಧ ಬಿತ್ತು. ಅಲ್ಲಿ ಚಾಲಕನ ಬೆನ್ನಿನ ಸುಖ ಯಾರಿಗೂ ಬೇಕಿರಲಿಲ್ಲ. ಕಾರಿನ ಅಡಿಯ ಗಾಳಿ ಅದನ್ನು ನೆಲಕ್ಕೆ ಒತ್ತಿಹಿಡಿಯಬೇಕಾದರೆ ನೆಲದಿಂದ ಎತ್ತರ ಏರುಪೇರಾಗಬಾರದು. ಅಷ್ಟಕ್ಕಾಗಿ ಚಕ್ರ ಎತ್ತುವ ಆ ಎಣ್ಣೆಯ ಪಂಪುಗಳೆಲ್ಲ.

ರಸ್ತೆ ಕಾರುಗಳಲ್ಲಿ ಮರ್ಸಿಡಿಸ್ 1999ರಲ್ಲಿ ಸಿಎಲ್ ಮಾದರಿಗೆ ತಂದ ಹೈಡ್ರಾಲಿಕ್ ವ್ಯವಸ್ಥೆ ಸೆಕೆಂಡಿಗೆ ಐದು ಸಲದವರೆಗಿನ ಮೈಯೋಲಾಟವನ್ನು ಎದುರಿಸುತ್ತಿತ್ತು. 2013ರ ಎಸ್-ಕ್ಲಾಸ್‌ನಲ್ಲಿ ಅದಕ್ಕೆ ಕಣ್ಣು ಬಂತು: ಗಾಜಿನ ಹಿಂದಿನ ಜೋಡಿ ಕ್ಯಾಮೆರಾ ಮುಂದಿನ ಸುಮಾರು 15 ಮೀಟರ್ ರಸ್ತೆಯನ್ನು ಓದಿ, ಉಬ್ಬು ತಲುಪುವ ಮೊದಲೇ ಚಕ್ರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ 15 ಮೀಟರ್ ಎಂದರೆ ಪೂರಾ ಒಂದು ಸೆಕೆಂಡು. ಕಂಪ್ಯೂಟರಿಗೆ ಅದು ಒಂದು ಯುಗ.

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಪಾತ್ರ ಅಮರ್ ಬೋಸ್. ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರನ ಮಗ, ಎಂಐಟಿಯ ಪ್ರಾಧ್ಯಾಪಕ, ಸ್ಪೀಕರುಗಳಿಂದ ಹೆಸರಾದವರು. ಸ್ಪೀಕರ್ ಎಂದರೇನು? ವಿದ್ಯುತ್ತು ಹೇಳಿದಂತೆ ಹಿಂದೆ ಮುಂದೆ ಚಲಿಸುವ ಸುರುಳಿ. ಅದನ್ನೇ ಆಳೆತ್ತರ ಬೆಳೆಸಿ ಚಕ್ರದ ಮೇಲೆ ಕೂರಿಸಿದರೆ? 1980ರಲ್ಲಿ ಗುಟ್ಟಾಗಿ ಶುರುವಾದ ಈ ಕೆಲಸವನ್ನು ಜನ ನೋಡಿದ್ದು 2004ರಲ್ಲಿ. ಲೆಕ್ಸಸ್ ಕಾರೊಂದು ಅಡ್ಡ ಇಟ್ಟ ಹಲಗೆಯನ್ನು ಕುದುರೆಯಂತೆ ಜಿಗಿದು ದಾಟಿತು. ಆದರೆ ಆ ಮೋಟಾರುಗಳು ಭಾರ, ಬೆಲೆ ಇನ್ನೂ ಭಾರ. ಒಂದು ಕಾರೂ ಮಾರುಕಟ್ಟೆಗೆ ಬರಲಿಲ್ಲ. ಅದರಿಂದ ಹೊರಬಿದ್ದ ಮಾರುವ ವಸ್ತು 2010ರ ಲಾರಿ ಸೀಟು. ಎಂಥ ಜಾಣತನ ನೋಡಿ: ಇಡೀ ಲಾರಿಯನ್ನು ಸುಮ್ಮನಿರಿಸುವ ಗೋಜು ಬಿಟ್ಟು ಚಾಲಕನೊಬ್ಬನನ್ನೇ ಸುಮ್ಮನೆ ಕೂರಿಸುವುದು. ಬೋಸ್ 2013ರಲ್ಲಿ ತೀರಿಕೊಂಡರು. 2017ರಲ್ಲಿ ಆ ತಂತ್ರಜ್ಞಾನ ಕ್ಲಿಯರ್‌ಮೋಷನ್ ಎಂಬ ಕಂಪನಿಗೆ ಮಾರಾಟವಾಯಿತು. ಇಟಿ9ರ ಬಾನೆಟ್ ಮೇಲಿನ ಗ್ಲಾಸುಗಳನ್ನು ಕಾಯುತ್ತಿರುವುದು ಅದೇ ಕಂಪನಿಯ ವ್ಯವಸ್ಥೆ. ದೈತ್ಯ ಸುರುಳಿಗಳು ಹೋಗಿ, ಪ್ರತಿ ಶಾಕ್ ಅಬ್ಸಾರ್ಬರಿಗೂ ಒಂದು ಪುಟ್ಟ ಮೋಟಾರು ಮತ್ತು ಪಂಪು ಬಂದಿವೆ. ಪೋರ್ಶೆಯೂ ಹೊಸ ಪನಾಮೆರಾದಲ್ಲಿ ಹೆಚ್ಚುಕಡಿಮೆ ಇದೇ ಹಾದಿ ಹಿಡಿದಿದೆ. ದೊಡ್ಡ ಬ್ಯಾಟರಿ ಇರುವ ಕಾರಿನಲ್ಲಿ ಇಂಥ ಪಂಪುಗಳಿಗೆ ಥಟ್ಟನೆ ಕಿಲೋವ್ಯಾಟ್‌ಗಟ್ಟಲೆ ಕೊಡುವುದು ಸುಲಭ. ಈ ತಂತ್ರಜ್ಞಾನ ಈಗಲೇ ಮತ್ತೆ ತಲೆಯೆತ್ತಿದ್ದಕ್ಕೆ ಅದೂ ಒಂದು ಕಾರಣ.

ಇನ್ನು ಚಿಕ್ಕಪ್ಪನ ಹಂಪ್. ಹೋದ ಭಾನುವಾರ ಟೇಪು ಹಿಡಿದು ಅಳೆದೆ. ಅಗಲ ಹೆಚ್ಚುಕಡಿಮೆ ಅರ್ಧ ಮೀಟರ್, ಎತ್ತರ ಒಂದು ಗೇಣಿಗೆ ತುಸು ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುವುದು ಬೇರೆ: ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ ಶಾಸ್ತ್ರೋಕ್ತ ಹಂಪ್ ಕಾರನ್ನು ಕುಲುಕುವುದು ಸೆಕೆಂಡಿಗೆ ಒಂದೂವರೆ ಸಲದ ಲಯದಲ್ಲಿ. ಅಲ್ಲಿ ಆ್ಯಕ್ಟಿವ್ ಸಸ್ಪೆನ್ಷನ್ ರಾಜ, ಗ್ಲಾಸು ಅಲುಗದು. ಚಿಕ್ಕಪ್ಪನ ಹಂಪ್ ಅದೇ ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಸಲದ ಲಯದಲ್ಲಿ ಹೊಡೆಯುತ್ತದೆ.

ಈ ಹನ್ನೊಂದು ಎಂಬುದು ಕೆಟ್ಟ ಸಂಖ್ಯೆ. ಸಾಮಾನ್ಯ ಕಾರಿನ ಟೈರನ್ನು ಒಂದು ಮಿಲಿಮೀಟರ್ ಅದುಮಲು ಸುಮಾರು 20 ಕಿಲೋ ಭಾರ ಬೇಕು. ಚಕ್ರ ಮತ್ತು ಅದಕ್ಕಂಟಿದ ಸಾಮಾನಿನ ತೂಕ 40 ಕಿಲೋ ಎಂದಿಟ್ಟುಕೊಳ್ಳಿ. ಆ ಚಕ್ರದ ಸಹಜ ಕುಣಿತವೂ ಸೆಕೆಂಡಿಗೆ ಹನ್ನೊಂದೇ. ಸಸ್ಪೆನ್ಷನ್ ಮೈಯನ್ನು ಎಷ್ಟು ಮೇಲಕ್ಕೆ ತಳ್ಳುತ್ತದೋ ಚಕ್ರವನ್ನು ಅಷ್ಟೇ ಕೆಳಕ್ಕೆ ತಳ್ಳುತ್ತದೆ. ಒಟ್ಟು ಲೆಕ್ಕದಲ್ಲಿ ಆ ಎರಡೂ ಹೊಡೆದುಹೋಗಿ, ಹೊರಗಿನಿಂದ ಬರುವ ಟೈರಿನ ಬಲವೊಂದೇ ಉಳಿಯುತ್ತದೆ. ಚಕ್ರ ತನ್ನ ಸಹಜ ಲಯದಲ್ಲಿ ಕುಣಿಯುವಾಗ ಆ ಕುಣಿತಕ್ಕೆ ಬೇಕಾದಷ್ಟನ್ನು ಟೈರಿನ ಹಿಗ್ಗು ಕುಗ್ಗೇ ಪೂರೈಸಿಬಿಡುತ್ತದೆ. ಮಿಕ್ಕದ್ದು, ಅಂದರೆ ರಸ್ತೆಯ ಏರಿಳಿತಕ್ಕೆ ಟೈರಿನ ಬಿಗಿಯನ್ನು ಗುಣಿಸಿದಷ್ಟು ಬಲ, ಪೂರ್ತಿ ಕಾರಿನ ಮೈಗೆ. ನಡುವೆ ಹತ್ತು ರೂಪಾಯಿಯ ಸ್ಪ್ರಿಂಗ್ ಇದ್ದರೂ ಅಷ್ಟೇ, ಹತ್ತು ಲಕ್ಷದ ಪಂಪ್ ಇದ್ದರೂ ಅಷ್ಟೇ. ರಸ್ತೆ ಒಂದೇ ಸೆಂಟಿಮೀಟರ್ ಏರಿಳಿದರೂ, ಪ್ರತಿ ಚಕ್ರದ ಮೇಲೆ 400 ಕಿಲೋ ಹೊತ್ತ ಕಾರಿಗೆ ಗುರುತ್ವದ ಅರ್ಧದಷ್ಟು ಕುಕ್ಕು. ಸಂಶೋಧಕರಾದ ಕಾರ್ಲ್ ಹೆಡ್ರಿಕ್ ಮತ್ತು ಬುಟ್ಸುಯೆನ್ 1990ರಲ್ಲಿ ಇದನ್ನು ಸೂತ್ರವಾಗಿ ಬರೆದಿಟ್ಟರು. ಸುತ್ತಮುತ್ತಲ ಲಯಗಳಲ್ಲಿ ಸ್ವಲ್ಪ ಸುಧಾರಿಸಬಹುದು, ಆ ಬಿಂದುವನ್ನು ಮಾತ್ರ ಅಲುಗಿಸಲಾಗದು.

ದಾರಿಗಳೇ ಇಲ್ಲವೆಂದಲ್ಲ. ಗಂಟೆಗೆ 5 ಕಿಲೋಮೀಟರಿಗೆ ಇಳಿಸಿದರೆ ಅದೇ ಹಂಪ್ ಸೆಕೆಂಡಿಗೆ ಮೂರಕ್ಕಿಂತ ಕಡಿಮೆ ಸಲದ ಲಯಕ್ಕೆ ಬರುತ್ತದೆ, ಪಂಪು ಮತ್ತೆ ಗೆಲ್ಲುತ್ತದೆ. ಇಂಥ ವಿಡಿಯೊ ನೋಡುವಾಗ ಹಂಪ್‌ನ ಅಗಲವನ್ನೂ ಕಾರಿನ ವೇಗವನ್ನೂ ಮೊದಲು ಗಮನಿಸುವುದು ಅದಕ್ಕೇ. ಇನ್ನೊಂದು ದಾರಿ ಟೈರು ಮೆತ್ತಗಿರುವುದು. ದೊಡ್ಡ ಅಲಾಯ್ ಚಕ್ರಕ್ಕೆ ಬಳೆಯಷ್ಟು ತೆಳ್ಳಗಿನ ಟೈರು ತೊಡಿಸಿ, ಜೊತೆಗೆ ದುಬಾರಿ ಸಸ್ಪೆನ್ಷನ್ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುವುದೂ ಅದಕ್ಕೇ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವ ವ್ಯಾಪಾರ.

ಇನ್ನೊಂದು ಶತ್ರು ತಡ. ಜೋಕಾಲಿ ನಿಲ್ಲಿಸಲು ಹೋದವನು ಕೈ ಚಾಚುವುದು ಅರ್ಧ ತೂಗಿನಷ್ಟು ತಡವಾದರೆ, ನಿಲ್ಲಿಸುವ ಬದಲು ಇನ್ನಷ್ಟು ಜೋರಾಗಿ ನೂಕಿರುತ್ತಾನೆ. ಸೆಕೆಂಡಿಗೆ ಐದು ಸಲದ ಕುಲುಕಾಟದಲ್ಲಿ ಅರ್ಧ ತೂಗು ಎಂದರೆ ನೂರು ಮಿಲಿಸೆಕೆಂಡು. ಸೆನ್ಸರ್ ಓದಿ, ಲೆಕ್ಕ ಹಾಕಿ, ಎಣ್ಣೆ ನೂಕುವಷ್ಟರಲ್ಲಿ ಅದರ ಕಾಲುಭಾಗ ಕಳೆದರೂ ಕೆಲಸ ಕೆಡುತ್ತದೆ. ರಸ್ತೆಗೆ ತಾಳವಿಲ್ಲ, ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಅದು ಹೇಳುವುದಿಲ್ಲ. ಮರ್ಸಿಡಿಸ್‌ನ ಕ್ಯಾಮೆರಾ ಕೊಂಡುಕೊಂಡದ್ದು ಬಲವನ್ನಲ್ಲ, ಹೊತ್ತನ್ನು.

ಎಂಜಿನ್ನಿಗೆ ತಾಳವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಸೆಕೆಂಡಿಗೆ ಸರಿಯಾಗಿ 50 ಸಲ ಸಿಡಿಯುತ್ತದೆ. ಮೂರು ಸಿಲಿಂಡರಿನದಾದರೆ 37.5. ಪಿಸ್ಟನ್ನುಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಎಲ್ಲಿದೆ ಎಂದು ತಿಳಿದರೆ ಮುಂದಿನ ಪೆಟ್ಟು ಯಾವಾಗ ಎಂಬುದೂ ತಿಳಿಯಿತು. ಮೃದಂಗದವನಿಗೆ ಸಮ ಎಲ್ಲಿ ಬೀಳುತ್ತದೆಂದು ಗೊತ್ತಿರುವ ಹಾಗೆ. ಹೋಂಡಾ 2003ರಲ್ಲಿ ಇನ್‌ಸ್ಪೈರ್ ಕಾರಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ, ಹೆಚ್ಚು ಬಲ ಬೇಡದಾಗ ಮೂರನ್ನು ಮಲಗಿಸಿ ಪೆಟ್ರೋಲ್ ಉಳಿಸಿತು. ಉಳಿದ ಮೂರು ಎಂಜಿನ್ನನ್ನು ಅದುರಿಸತೊಡಗಿದಾಗ, ಎಂಜಿನ್ನನ್ನು ಹೊತ್ತ ಮೌಂಟಿಂಗ್‌ಗಳನ್ನೇ ವಿದ್ಯುತ್ತಿನಿಂದ ಎದುರು ತಾಳಕ್ಕೆ ಕುಣಿಸಿ ನಡುಕ ಒಳಗೆ ಬರದಂತೆ ತಡೆಯಿತು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯಲ್ಲಿ ಕೂತಿದ್ದರೆ, ಎಂಜಿನ್ ಯಾವಾಗ ಚಾಲೂ ಆಯಿತೆಂದು ಕಿವಿಗೊಟ್ಟರಷ್ಟೇ ತಿಳಿಯುತ್ತದೆ. ಮೊದಲ ಪ್ರಿಯಸ್ ಕಾಲದಿಂದಲೂ ಟೊಯೊಟಾ ಎಂಜಿನ್ ಎಬ್ಬಿಸುವಾಗಿನ ನಡುಗನ್ನು ವಿದ್ಯುತ್ ಮೋಟಾರುಗಳ ಟಾರ್ಕ್, ಅಂದರೆ ತಿರುಗಿಸುವ ಬಲ, ಹೊಂದಿಸಿ ಅಡಗಿಸುತ್ತ ಬಂದಿದೆ.

ಎಲೆಕ್ಟ್ರಿಕ್ ಕಾರಿಗೆ ಬರೋಣ. ಸಿಡಿತವಿಲ್ಲ, ಹಾಗಾಗಿ ನಡುಕವೂ ಇಲ್ಲವೆಂದು ಜನ ಭಾವಿಸುತ್ತಾರೆ. ಡ್ರೈವಿಂಗ್ ಕಲಿಯುವಾಗ ಕ್ಲಚ್ ಥಟ್ಟನೆ ಬಿಟ್ಟು ಗಾಡಿ ಕುಕ್ಕುಕುಕ್ಕೆಂದು ಕುಣಿದದ್ದು ನೆನಪಿದೆಯೇ? ಅದೇ ನಡುಕಕ್ಕೆ ಎಲೆಕ್ಟ್ರಿಕ್ ಕಾರು ಹೇಳಿಮಾಡಿಸಿದಂತಿದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಂಡು ನಿಧಾನವಾಗಿ ಬಲ ಏರಿಸುತ್ತದೆ, ಮೇಲೆ ಜಾರುವ ಕ್ಲಚ್ ಬೇರೆ. ವಿದ್ಯುತ್ ಮೋಟಾರು ಕೆಲವೇ ಮಿಲಿಸೆಕೆಂಡಿನಲ್ಲಿ ಪೂರ್ತಿ ಟಾರ್ಕ್ ಸುರಿಯುತ್ತದೆ, ಮೋಟಾರಿಗೂ ಚಕ್ರಕ್ಕೂ ನಡುವೆ ಗೇರು ಮತ್ತು ಉಕ್ಕಿನ ಡ್ರೈವ್ ಶಾಫ್ಟ್ ಬಿಟ್ಟರೆ ಏನಿಲ್ಲ. 250 ನ್ಯೂಟನ್ ಮೀಟರ್ ಟಾರ್ಕ್ ಒಂಬತ್ತು ಪಟ್ಟಿನ ಗೇರಿನಲ್ಲಿ 2250 ಆಗುತ್ತದೆ. ಅಷ್ಟಕ್ಕೆ ಆ ಶಾಫ್ಟುಗಳು ಹತ್ತು ಡಿಗ್ರಿಗಿಂತ ಹೆಚ್ಚು ತಿರುಚಿಕೊಳ್ಳಬಲ್ಲವು; ಉಕ್ಕು ಎಂದರೆ ಉಕ್ಕಲ್ಲ, ಗಟ್ಟಿ ರಬ್ಬರು. ತಿರುಚಿಕೊಂಡದ್ದು ಬಿಚ್ಚಿಕೊಳ್ಳುತ್ತದೆ, ಮತ್ತೆ ತಿರುಚಿಕೊಳ್ಳುತ್ತದೆ, ಸೆಕೆಂಡಿಗೆ ಐದೆಂಟು ಸಲ. ತಡೆಯದಿದ್ದರೆ ಪ್ರತಿ ಸಿಗ್ನಲ್ಲಿನಲ್ಲೂ ತಲೆ ಹಿಂದೆ ಮುಂದೆ ತೂಗುತ್ತದೆ.

ತಡೆಯುವುದು ಯಾರು? ಅದೇ ಮೋಟಾರು. ಮೊದಲಿಗೆ, ಪೆಡಲ್ ಕೇಳಿದ ಟಾರ್ಕ್‌ನಲ್ಲಿ ಶಾಫ್ಟನ್ನು ಕೆರಳಿಸುವ ಲಯದ ಅಂಶವನ್ನು ಸಾಫ್ಟ್‌ವೇರ್ ಸೋಸಿ ತೆಗೆಯುತ್ತದೆ. ಆಮೇಲೂ ಉಳಿದ ತೂಗಾಟವನ್ನು ಮೋಟಾರಿನ ವೇಗದಲ್ಲೇ ಹಿಡಿದು, ಅದಕ್ಕೆ ಎದುರಾಗಿ ಟಾರ್ಕ್ ಅನ್ನು ಸೆಕೆಂಡಿಗೆ ನೂರಾರು ಸಲ ತಿದ್ದುತ್ತದೆ. ವೇಗ ಅಳೆಯುವ ಸೆನ್ಸರ್ ಮೋಟಾರು ಓಡಿಸಲು ಹೇಗೂ ಬೇಕಿತ್ತು. ಹೊಸ ಪಂಪಿಲ್ಲ, ಕ್ಯಾಮೆರಾ ಇಲ್ಲ, ಎಣ್ಣೆಯಿಲ್ಲ. 2010ರ ಕೊನೆಗೆ ಬಂದ ನಿಸಾನ್ ಲೀಫ್‌ನಲ್ಲೇ ಇದಿತ್ತು. ಇಂದು ಬಹುತೇಕ ಎಲ್ಲ ಎಲೆಕ್ಟ್ರಿಕ್ ಕಾರುಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದು ನಾವು ಬೈಯಲು ಬಳಸುವ ಮಾತನ್ನು ಇಲ್ಲಿ ಹೊಗಳಿಕೆಯಾಗಿ ಬಳಸಬಹುದು. ಚಿವುಟುವ ಕೈಯೇ ತೂಗುವ ಕೈಯಾದ್ದರಿಂದ, ಯಾವಾಗ ಎಷ್ಟು ಚಿವುಟಿದೆ ಎಂಬುದು ಅದಕ್ಕೆ ಮೊದಲೇ ಗೊತ್ತು. ಸಸ್ಪೆನ್ಷನ್ನಿಗೆ ಸಿಗದ ಭಾಗ್ಯ ಇದು.

ನಾಜೂಕಿನ ಜಾಗವೊಂದಿದೆ. ಗೇರಿನ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಗ್ಯಾರೇಜಿನಲ್ಲಿ ಇದಕ್ಕೆ "ಪ್ಲೇ" ಎನ್ನುತ್ತಾರೆ. ಕಾಲೆತ್ತಿದಾಗ ಮೋಟಾರು ಕಾರನ್ನು ಹಿಂದಕ್ಕೆಳೆದು ಬ್ಯಾಟರಿ ತುಂಬುತ್ತದೆ, ಒತ್ತಿದಾಗ ಮುಂದಕ್ಕೆ ದೂಡುತ್ತದೆ. ಪ್ರತಿ ಬದಲಾವಣೆಯಲ್ಲೂ ಹಲ್ಲು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ದಾಟಬೇಕು. ಹಾಗೇ ಬಿಟ್ಟರೆ "ಟಕ್" ಎಂದು ಬಡಿಯುತ್ತದೆ. ಟಾರ್ಕ್ ಸೊನ್ನೆ ದಾಟುವ ಆ ಗಳಿಗೆಯಲ್ಲಿ ಸಾಫ್ಟ್‌ವೇರ್ ಕ್ಷಣಕಾಲ ಉಸಿರು ಹಿಡಿದು, ಹಲ್ಲು ಮೆಲ್ಲಗೆ ತಾಗಿದ ಮೇಲೆ ಮುಂದೆ ಹೋಗುತ್ತದೆ. ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲಿ ಒಂದೇ ಪ್ರಯಾಣದಲ್ಲಿ ಇದು ನೂರಾರು ಸಲ ನಡೆಯುತ್ತದೆ. ಇದಕ್ಕೂ ಮಿತಿಯುಂಟು: ಮೋಟಾರು ತನ್ನ ಗರಿಷ್ಠ ಟಾರ್ಕ್ ಕೊಡುತ್ತಿರುವಾಗ ತಗ್ಗಿಸಿ ತಿದ್ದಬಹುದೇ ಹೊರತು ಏರಿಸಿ ತಿದ್ದಲಾಗದು. ಗೇರಿನ ಸಣ್ಣ ಕೀರಲು ಸದ್ದು ಸೆಕೆಂಡಿಗೆ ಸಾವಿರಾರು ಸಲದ್ದು. ಅದಕ್ಕೆ ಹಲ್ಲುಗಳನ್ನು ನುಣ್ಣಗೆ ಉಜ್ಜುವುದೇ ಮದ್ದು.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದ್ದು ಎಲೆಕ್ಟ್ರಿಕ್ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು. ಚಾಲಕ ಕಾಲೆತ್ತಿದಾಗ, ಮತ್ತೆ ಒತ್ತಿದಾಗ ಅವರ ಕೈಯಲ್ಲಿದ್ದ ಕಾಫಿ ಲೋಟದಲ್ಲಿ ಅಲೆಯೂ ಏಳಲಿಲ್ಲ. ಬಡಾವಣೆಯ ತಿರುವಿನಲ್ಲಿ ಹಂಪ್ ಬಂತು, ಕಾಫಿ ಅಂಗಿಯ ಮೇಲೆ ಬಿತ್ತು. ಒರೆಸಿಕೊಳ್ಳುತ್ತಾ ಅವರೇ ಬಾಯಿಬಿಟ್ಟರು: ಆರು ವರ್ಷದ ಹಿಂದೆ ಹುಡುಗರ ಬೈಕುಗಳ ಹಾವಳಿ ತಾಳಲಾರದೆ, ರಸ್ತೆಯವರಿಂದೆಲ್ಲ ದುಡ್ಡು ಎತ್ತಿ, ಮೇಸ್ತ್ರಿಯನ್ನು ಕರೆಸಿ ಆ ಹಂಪ್ ಹಾಕಿಸಿದ್ದು ಅವರೇ. ಈಗ ಅದನ್ನು ಕೆರೆಸಿ ಹೊಸದು ಹಾಕಿಸಿಕೊಡಿ ಎಂದು ವಾರ್ಡ್ ಕಚೇರಿಗೆ ಅರ್ಜಿ ಬರೆಯುತ್ತಿದ್ದಾರೆ. 3.7 ಮೀಟರ್ ಎಂಬುದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ.